ಎಣ್ಣೆ ತೊಳೆಯುವ ಮಣ್ಣು

ಸಂಜೆ ನಮ್ಮಪ್ಪ ಮನೆಯೊಳಗೆ ಕಾಲಿಡುವ ಮೊದಲೇ ಅವರ ಅಂಗಿಯ ವಾಸನೆ ಒಳಗೆ ಬಂದುಬಿಡುತ್ತಿತ್ತು. ಹುರಿದ ಶೇಂಗಾ, ಬಿಸಿ ಹಿಂಡಿ, ಗೋಣಿಚೀಲ ಎಲ್ಲ ಬೆರೆತ ವಾಸನೆ. ಚಳ್ಳಕೆರೆಯಲ್ಲಿ ಆಗ ಅದು ನಮ್ಮ ಒಂದೇ ಮನೆಯ ವಾಸನೆಯೇನೂ ಆಗಿರಲಿಲ್ಲ. ಊರಿಗೆ ಊರೇ ಹಾಗೆ ನಾರುತ್ತಿತ್ತು. ನಾರುತ್ತಿತ್ತು ಎಂದರೆ ಅವ್ವ ಬೈಯುತ್ತಿದ್ದಳು. “ಅನ್ನ ಕೊಡೋ ವಾಸನೆ ಅದು, ಘಮ ಅನ್ನು” ಎನ್ನುತ್ತಿದ್ದಳು. ಎಣ್ಣೆ ನಗರ ಎಂದೂ ಎರಡನೇ ಬೊಂಬಾಯಿ ಎಂದೂ ಹೆಸರು ಪಡೆದಿದ್ದ ಊರು ಅದು. ಸುತ್ತಲೂ ಮಳೆ ಕಡಿಮೆಯ ಕೆಂಪು ನೆಲ. ಬೇರೇನೂ ಬಾರದಿದ್ದರೂ ಶೇಂಗಾ ಬರುತ್ತಿತ್ತು. ರಸ್ತೆಯ ಎರಡೂ ಬದಿಗೆ ಎಣ್ಣೆ ಮಿಲ್ಲುಗಳು. ಅವುಗಳಲ್ಲೊಂದರಲ್ಲಿ ಅಪ್ಪ ಗುಮಾಸ್ತರು.

ಮನೆಗೆ ಎಣ್ಣೆ ಮಿಲ್ಲಿನಿಂದಲೇ ಬರುತ್ತಿತ್ತು. ಅವ್ವ ಅದನ್ನು ಕಣ್ಣುಮುಚ್ಚಿ ಒಳಗಿಡುವವಳಲ್ಲ. ಒಂದು ಗಾಜಿನ ಲೋಟಕ್ಕೆ ಸುರಿದು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ ಮೂಸುತ್ತಿದ್ದಳು. ಕೊನೆಗೆ ನಾಲಿಗೆಯ ತುದಿಗೆ ಮುಟ್ಟಿಸಿ, “ಈ ಸಲ ಬೀಜ ಹಳೇವು” ಎಂದೋ “ಬೀಜಕ್ಕೆ ನೀರು ಬಿದ್ದೈತೆ” ಎಂದೋ ತೀರ್ಪು ಕೊಡುತ್ತಿದ್ದಳು. ಓದುಬರಹ ಬಾರದ ಅವ್ವ ಹೀಗೆ ಎಣ್ಣೆಯನ್ನು ಓದುತ್ತಿದ್ದಳು ಎಂದು ಈಗ ಅನಿಸುತ್ತದೆ. ಬಣ್ಣವೇ ಅವಳ ಅಕ್ಷರ.

1983ರಲ್ಲಿ ಇರಬೇಕು, ಮಿಲ್ಲಿನ ಯಜಮಾನರು ಇನ್ನೊಬ್ಬರ ಜೊತೆ ಸೇರಿ ಒಂದು ಸಣ್ಣ ರಿಫೈನರಿ ಹಾಕಿದರು. ಅಪ್ಪನನ್ನು ಅಲ್ಲಿ ಸ್ಟಾಕು ಪುಸ್ತಕ ಬರೆಯಲು ಕಳಿಸಿದರು. ನಾನು ಆಗ ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ರಜೆಗೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಒಂದು ಸಂಜೆ ಅಪ್ಪ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಬೂದು ಬಣ್ಣದ ನುಣ್ಣನೆ ಪುಡಿ.

“ಇದೇನು, ಯಾವ ದೇವಸ್ಥಾನದ ಈಬತ್ತಿ?” ಎಂದಳು ಅವ್ವ.

“ಮಣ್ಣು ಕಣೆ. ಎಣ್ಣೆ ತೊಳೆಯೋ ಮಣ್ಣು.”

ಅವ್ವನಿಗೆ ನಗು ತಡೆಯಲಿಲ್ಲ. “ಎಣ್ಣೆಬಟ್ಟೆ ತೊಳೆಯೋದು ಗೊತ್ತು. ಎಣ್ಣೇನೇ ತೊಳೀತಾರೇನು? ಅದೂ ಮಣ್ಣಾಕಿ?”

ನಾನು ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿದೆ. ಮಣ್ಣು ನಾಲಿಗೆಗೆ ಅಂಟಿಕೊಂಡಿತು, ಸ್ವಲ್ಪ ಹುಳಿಯಾಗಿತ್ತು. ಬಿ.ಎಸ್ಸಿ. ಪಾಸಾದ ನನಗೂ ಆ ಹುಳಿ ಎಲ್ಲಿಂದ ಬಂತೆಂದು ಹೇಳಲು ಆಗ ಗೊತ್ತಿರಲಿಲ್ಲ.

ಮಾರನೆಯ ವಾರ ಅಪ್ಪ ಹೊಸ ರಿಫೈನರಿಯ ಎಣ್ಣೆಯನ್ನೇ ಒಂದು ಡಬ್ಬಿಯಲ್ಲಿ ತಂದರು. ಅವ್ವ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದಳು. ಆಚೆ ಬದಿಯ ತುಳಸಿಕಟ್ಟೆ ಸ್ಪಷ್ಟವಾಗಿ ಕಾಣಿಸಿತು. ಮೂಸಿದಳು, ಏನೂ ಇಲ್ಲ. ನಾಲಿಗೆಗೆ ಹಚ್ಚಿದಳು, ಏನೂ ಇಲ್ಲ. “ಇದ್ರಾಗೆ ಶೇಂಗಾ ಎಲ್ಲೈತೆ? ಒಳ್ಳೇ ಬೀಜದ್ದೋ ಕೆಟ್ಟ ಬೀಜದ್ದೋ ನಾನು ಹೆಂಗೆ ತಿಳಕೊಳ್ಳಲಿ?” ಎಂದು ಕೇಳಿದಳು. ಅಪ್ಪ ಉತ್ತರ ಕೊಡಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ಬಹಳ ವರ್ಷ ಕಾಡಿತು. ಅದರ ಹಿಂದೆ ಬಿದ್ದು ಓದಿದಾಗ ಸಿಕ್ಕ ಕಥೆ ಚಳ್ಳಕೆರೆಯಿಂದ ಎರಡು ಸಾವಿರ ವರ್ಷ ಹಿಂದಕ್ಕೆ, ರೋಮಿನವರೆಗೆ ಹೋಯಿತು.

ಅಲ್ಲಿ ಕಥೆ ಶುರುವಾಗುವುದು ಎಣ್ಣೆಯಿಂದಲ್ಲ, ಉಣ್ಣೆಯಿಂದ. ಕುರಿಯ ಉಣ್ಣೆಗೆ ಹುಟ್ಟಿನಿಂದಲೇ ಒಂದು ಜಿಡ್ಡು ಇರುತ್ತದೆ. ಚಳ್ಳಕೆರೆಯ ಕಂಬಳಿ ನೇಯುವವರ ಮನೆ ಹೊಕ್ಕವರಿಗೆ ಆ ವಾಸನೆ ಗೊತ್ತು. ರೋಮನ್ನರು ಉಣ್ಣೆ ಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ, ನೀರು, ಹಳಸಿದ ಮೂತ್ರ (ಮುಖ ಸಿಂಡರಿಸಬೇಡಿ, ಅದರೊಳಗಿನ ಅಮೋನಿಯಕ್ಕೆ ಕೊಳೆ ಬಿಡಿಸುವ ಗುಣವಿದೆ) ಮತ್ತು ಒಂದು ಬಗೆಯ ಜೇಡಿಮಣ್ಣನ್ನು ಸೇರಿಸಿ ಕಾಲಿನಿಂದ ತುಳಿಯುತ್ತಿದ್ದರು. ಮಣ್ಣು ಜಿಡ್ಡನ್ನು ಹೀರಿಕೊಳ್ಳುತ್ತಿತ್ತು. ಹೀಗೆ ತುಳಿಯುವುದೇ ಕಸುಬಾಗಿದ್ದವರು ಫುಲ್ಲೋನ್‌ಗಳು. ಪಾಂಪೇ ನಗರದಲ್ಲಿ ಅವರ ತೊಟ್ಟಿಗಳು ಇವತ್ತಿಗೂ ಇವೆ. ಯಾವ ಮಣ್ಣು ಯಾವ ಬಟ್ಟೆಗೆ ಒಳ್ಳೆಯದೆಂದು ಪ್ಲಿನಿ ಎಂಬ ಪಂಡಿತ ತನ್ನ ದೊಡ್ಡ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಗ್ರೀಸಿನ ಕಿಮೊಲೊಸ್ ದ್ವೀಪದ ಮಣ್ಣಿಗೆ ಅವನು ಹೆಚ್ಚಿನ ಅಂಕ ಕೊಡುತ್ತಾನೆ. ಕ್ರಿ.ಶ. 79ರಲ್ಲಿ ಪಾಂಪೇ ನಗರವನ್ನು ಹೂತುಹಾಕಿದ ವೆಸೂವಿಯಸ್ ಜ್ವಾಲಾಮುಖಿಯೇ ಈ ಪ್ಲಿನಿಯನ್ನೂ ಬಲಿ ತೆಗೆದುಕೊಂಡಿತು.

ಇಂಗ್ಲೆಂಡಿನಲ್ಲಿ ಇದೇ ಕಸುಬಿನವರಿಗೆ ಫುಲ್ಲರ್ ಎಂದು ಹೆಸರು. ಅವರ ಮಣ್ಣು ಫುಲ್ಲರ್ಸ್ ಅರ್ತ್. ನಮ್ಮಲ್ಲಿ ಗಾಣಿಗ, ಮಡಿವಾಳ ಎನ್ನುವ ಹಾಗೆ ಫುಲ್ಲರ್, ವಾಕರ್, ಟಕರ್ ಎಂಬ ಮನೆತನದ ಹೆಸರುಗಳೆಲ್ಲ ಈ ಬಟ್ಟೆ ತುಳಿಯುವ ಕೆಲಸದಿಂದ ಬಂದವು. ಉಣ್ಣೆಯ ವ್ಯಾಪಾರದ ಮೇಲೆ ನಿಂತಿದ್ದ ಆ ದೇಶ 17ನೆಯ ಶತಮಾನದಲ್ಲಿ ಈ ಮಣ್ಣನ್ನು ಹೊರದೇಶಕ್ಕೆ ಸಾಗಿಸಬಾರದೆಂದು ಕಾನೂನನ್ನೇ ಮಾಡಿತ್ತು. ಮಣ್ಣಿನ ಕಳ್ಳಸಾಗಣೆ! ಬಂಗಾರದ್ದು ಕೇಳಿದ್ದೆವು.

ನಮ್ಮ ಕಡೆಯೂ ಮಣ್ಣಿನಿಂದ ತೊಳೆಯುವುದು ಹೊಸದಲ್ಲ. ಮಡಿವಾಳರು ಚೌಳು ಮಣ್ಣಿನಲ್ಲಿ ಬಟ್ಟೆ ನೆನೆಸುತ್ತಿದ್ದರು. ಅದು ಬೇರೆ ಜಾತಿಯ ಮಣ್ಣು, ಅದರಲ್ಲಿರುವುದು ಸೋಡಾದಂಥ ಕ್ಷಾರ. ಫುಲ್ಲರ್ ಮಣ್ಣಿನ ನಿಜವಾದ ಒಡಹುಟ್ಟು ಎಂದರೆ ಮುಲ್ತಾನಿ ಮಿಟ್ಟಿ. ಈಗ ಪಾಕಿಸ್ತಾನದಲ್ಲಿರುವ ಮುಲ್ತಾನದ ಹೆಸರು ಹೊತ್ತಿದ್ದರೂ, ರಾಜಸ್ಥಾನದ ಬಾಡಮೇರ್, ಬಿಕಾನೇರ್ ಕಡೆ ಅದರ ಗಣಿಗಳಿವೆ. ನಮ್ಮ ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದರೆ ಎರಡು ವಾರ ಮುಂಚಿತವಾಗಿ ಚಿಕ್ಕಮ್ಮ ಅದನ್ನು ನೀರಲ್ಲಿ ಕಲಸಿ ಅವಳ ಮುಖಕ್ಕೆ ಮೆತ್ತುತ್ತಿದ್ದಳು. ಅದು ಒಣಗಿ ಬಿರಿಯುವವರೆಗೆ ಅವಳು ನಗುವ ಹಾಗಿರಲಿಲ್ಲ. ಮುಖದ ಜಿಡ್ಡು ಹೋಗುತ್ತಿತ್ತು, ಬಣ್ಣ ಹೋಗುತ್ತಿರಲಿಲ್ಲ. ಹೋಗಬೇಕಾದ ಕಾರಣವೂ ಇರಲಿಲ್ಲ, ಅಷ್ಟು ಲಕ್ಷಣದ ಹುಡುಗಿ. ಎಣ್ಣೆಗೂ ಹುಡುಗಿಗೂ ಒಂದೇ ಮಣ್ಣು, ಇಬ್ಬರ ಮೇಲೂ ಒಂದೇ ದೂರು!

ಉಣ್ಣೆಯ ಮಣ್ಣು ಎಣ್ಣೆಗೆ ಬಂದದ್ದು ಹತ್ತಿಯ ದೆಸೆಯಿಂದ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಬಿಡಿಸಿದ ಮೇಲೆ ಬೀಜ ರಾಶಿ ರಾಶಿಯಾಗಿ ಉಳಿಯುತ್ತಿತ್ತು. ಅದನ್ನು ಹೊಳೆಗೆ ಸುರಿಯುತ್ತಿದ್ದರು, ಇಲ್ಲವೆ ಕೊಳೆಯಲು ಬಿಡುತ್ತಿದ್ದರು. 19ನೆಯ ಶತಮಾನದ ಮಧ್ಯದಿಂದ ಅದನ್ನು ಅರೆದು ಎಣ್ಣೆ ತೆಗೆಯಲು ಹೊರಟರು. ಎಣ್ಣೆ ಬಂತು, ಆದರೆ ಕಪ್ಪುಗೆಂಪು ಬಣ್ಣ, ಕೆಟ್ಟ ವಾಸನೆ. ಯಾವ ಮನೆಯಾಕೆ ಬಾಣಲೆಗೆ ಹಾಕುತ್ತಾಳೆ? ಮೊದಲು ಕಾಸ್ಟಿಕ್ ಸೋಡಾ ಹಾಕಿ ಕೆಟ್ಟ ಅಂಶವನ್ನು ಸಾಬೂನಾಗಿಸಿ ತೆಗೆದರು. ಆಮೇಲೂ ಹಳದಿ ಉಳಿಯುತ್ತಿತ್ತು. ಜಿಡ್ಡು ಹೀರುವ ಮಣ್ಣನ್ನು ಬಿಸಿ ಎಣ್ಣೆಗೇ ಹಾಕಿ ಕದಡಿ ಸೋಸಿದಾಗ ಅದು ಎಣ್ಣೆಯನ್ನು ಬಿಟ್ಟು ಬಣ್ಣವನ್ನು ಹಿಡಿದುಕೊಂಡಿತು. ಅಮೆರಿಕದವರು ಇದಕ್ಕೆ ಇಂಗ್ಲೆಂಡಿನ ಮಣ್ಣನ್ನೇ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. 1893ರಲ್ಲಿ ಫ್ಲಾರಿಡಾದ ಕ್ವಿನ್ಸಿ ಎಂಬ ಊರಿನಲ್ಲಿ ತಂಬಾಕಿನ ಕಂಪನಿಯೊಂದರ ಜಮೀನಿನಲ್ಲಿ ಇಟ್ಟಿಗೆ ಸುಡಲು ಹೋದಾಗ ಇದೇ ಮಣ್ಣು ಕಾಲ ಕೆಳಗೇ ಸಿಕ್ಕಿತು. ಇನ್ನು ಉಳಿದದ್ದು ವಾಸನೆ. ಡೇವಿಡ್ ವೆಸನ್ ಎಂಬ ರಸಾಯನ ಶಾಸ್ತ್ರಜ್ಞ ಆ ಶತಮಾನ ಮುಗಿಯುವ ಹೊತ್ತಿಗೆ, ಗಾಳಿ ತೆಗೆದ ಪಾತ್ರೆಯಲ್ಲಿ ಬಿಸಿ ಹಬೆ ಹಾಯಿಸಿ ಅದನ್ನೂ ಓಡಿಸುವ ವಿಧಾನ ಕಂಡುಕೊಂಡ. ಹೊಳೆಗೆ ಸುರಿಯುತ್ತಿದ್ದ ಬೀಜ ಊಟದ ಮೇಜಿಗೆ ಬಂತು.

ನನ್ನ ನಾಲಿಗೆಯ ಮೇಲಿನ ಹುಳಿಗೆ ಉತ್ತರ ಸಿಕ್ಕಿದ್ದು ಜರ್ಮನಿಯ ಬವೇರಿಯದಲ್ಲಿ. ಅಲ್ಲಿ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಂಟೊನೈಟ್ ಎಂಬ ಜೇಡಿಯನ್ನು ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸಿ, ತೊಳೆದು, ಒಣಗಿಸಿ, ಪುಡಿ ಮಾಡಿ ನೋಡಿದರು. ಬಣ್ಣ ಹಿಡಿಯುವ ಶಕ್ತಿ ಎಷ್ಟೋ ಪಟ್ಟು ಹೆಚ್ಚಾಯಿತು. ಈ ಜೇಡಿಯ ಒಳಗೆ ಚಿರೋಟಿಯಲ್ಲಿರುವ ಹಾಗೆ ಪದರದ ಮೇಲೆ ಪದರ. ಆಮ್ಲವು ಪದರಗಳೊಳಗಿನ ಸುಣ್ಣ, ಅಲ್ಯುಮಿನಿಯಂನಂಥವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಹೊರಗೆಳೆಯುತ್ತದೆ. ಒಳಗೆಲ್ಲ ದೋಸೆಯ ಮೈಯ ಹಾಗೆ ತೂತು. ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಹರಡಿದರೆ 200ರಿಂದ 300 ಚದರ ಮೀಟರ್ ಆಗುತ್ತದಂತೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, ಒಂದು ಚಿಟಿಕೆಯೊಳಗೆ 30-40ರ ಎರಡು ಸೈಟು! ನಮ್ಮವರು ಒಂದು ಸೈಟಿಗಾಗಿ 14 ವರ್ಷ ಕಂತು ಕಟ್ಟಿದ್ದು ನೆನಪಾಗಿ ನಗು ಬಂತು. ಬಣ್ಣದ ಕಣಗಳು ಹೋಗಿ ಅಂಟಿಕೊಳ್ಳುವುದು ಆ ಒಳಮೈಗೆ. ನೂರು ಕಿಲೊ ಎಣ್ಣೆಗೆ ಒಂದೆರಡು ಕಿಲೊ ಮಣ್ಣು, ಸುಮಾರು 100 ಡಿಗ್ರಿ ಶಾಖ, ಅರ್ಧ ಗಂಟೆ, ಅಷ್ಟೇ ಸಾಕು. ಬಿಸಿ ಎಣ್ಣೆಗೆ ಗಾಳಿ ತಾಕಿದರೆ ಕೆಡುತ್ತದೆಂದು ಗಾಳಿಯಿಲ್ಲದ ಪಾತ್ರೆಯಲ್ಲಿ ಮಾಡುತ್ತಾರೆ. ಕಚ್, ಭಾವನಗರದ ಕಡೆಯ ನೆಲದಲ್ಲಿ ಇಂಥ ಜೇಡಿ ಧಾರಾಳವಾಗಿದೆ.

ಓದಿದ್ದನ್ನು ಮಾಡಿ ನೋಡದಿದ್ದರೆ ಟೀಚರಿಗೆ ಸಮಾಧಾನವಿಲ್ಲ. 1987ರಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂಬತ್ತನೆಯ ತರಗತಿಯ ಹುಡುಗಿಯರ ಕೈಲಿ ಮಾಡಿಸಿದೆ. ಮಿಲ್ಲಿನ ಶೇಂಗಾ ಎಣ್ಣೆ, ಗ್ರಂಧಿಗೆ ಅಂಗಡಿಯ ಮುಲ್ತಾನಿ ಮಿಟ್ಟಿ. ಮಣ್ಣನ್ನು ಬಾಣಲೆಯಲ್ಲಿ ಹುರಿದು ತೇವ ತೆಗೆದು, ಬಿಸಿ ಎಣ್ಣೆಗೆ ಹಾಕಿ ಕದಡಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದೆವು. ಕಾರ್ಖಾನೆಯಷ್ಟು ತಿಳಿಯಾಗಲಿಲ್ಲ. ಆದರೆ ಹೊಂಬಣ್ಣವಿದ್ದದ್ದು ಒಣಹುಲ್ಲಿನ ಬಣ್ಣಕ್ಕೆ ಇಳಿಯಿತು. ಪ್ರದರ್ಶನ ನೋಡಲು ಬಂದಿದ್ದ ಅವ್ವ ಎರಡೂ ಬಟ್ಟಲು ಮೂಸಿದಳು. “ಇದಕ್ಕೆ ಮೊದಲ ಮಳೆ ವಾಸನೆ ಬಂತಲ್ಲೆ” ಎಂದಳು. ನಿಜವೇ. ಮಣ್ಣು ಬಣ್ಣವನ್ನು ಇಟ್ಟುಕೊಂಡು ತನ್ನ ವಾಸನೆಯನ್ನು ಎಣ್ಣೆಗೆ ಕೊಟ್ಟಿತ್ತು. ಕಾರ್ಖಾನೆಯಲ್ಲಿ ಕೊನೆಗೆ 200 ಡಿಗ್ರಿಗೂ ಮೇಲೆ ಕಾಯಿಸಿ ಹಬೆ ಹಾಯಿಸುವುದು ಈ ವಾಸನೆಯೂ ಹೋಗಲೆಂದೇ. ಕದಡಿದ ನೀರನ್ನು ಚಿಲ್ಲದ ಬೀಜ ತೇದು ತಿಳಿಮಾಡುತ್ತಿದ್ದ ಅವ್ವ ಆ ದಿನ ಹುಡುಗಿಯರಿಗೆ ಹೇಳಿದಳು, “ನಾವು ಬೀಜದಿಂದ ಮಣ್ಣು ತೆಗೀತಿದ್ವಿ, ನೀವು ಮಣ್ಣಿಂದ ಬೀಜ ತೆಗೀತೀರಿ!”

ಬಣ್ಣ ತೆಗೆದದ್ದಕ್ಕೆ ಬಣ್ಣ ಹಾಕಬೇಕೆಂದು ನಮ್ಮ ದೇಶದಲ್ಲೇ ಒಂದು ಜಗಳ ನಡೆಯಿತು. ಅದು ಡಾಲ್ಡಾದ್ದು. 1937ರಲ್ಲಿ ಬಂದ ಡಾಲ್ಡಾ ಮತ್ತು ಅದರಂಥ ವನಸ್ಪತಿಗಳಿಗೂ ಮೊದಲು ಎಣ್ಣೆಯನ್ನು ಹೀಗೆ ಬಿಳಿಚಿಸಿ, ಆಮೇಲೆ ಜಲಜನಕ ಹಾಯಿಸಿ ಗಟ್ಟಿ ಮಾಡುತ್ತಾರೆ. ಅದು ಎಷ್ಟು ಬೆಳ್ಳಗೆ, ಎಷ್ಟು ನಿರ್ಗುಣವಾಗಿತ್ತೆಂದರೆ ತುಪ್ಪಕ್ಕೆ ಬೆರೆಸಿದರೆ ಪತ್ತೆಯೇ ಆಗುತ್ತಿರಲಿಲ್ಲ. ಗಾಂಧೀಜಿ ಅದರ ವಿರುದ್ಧ ಬರೆದರು. ಸ್ವಾತಂತ್ರ್ಯ ಬಂದ ಮೇಲೂ ವನಸ್ಪತಿಗೆ ಬಣ್ಣ ಹಾಕಲೇಬೇಕೆಂಬ ಒತ್ತಾಯ ಮುಂದುವರಿಯಿತು. ಬಾಣಲೆಯ ಶಾಖಕ್ಕೂ ಕಲಬೆರಕೆದಾರನ ಕೈಚಳಕಕ್ಕೂ ಜಗ್ಗದ, ಹೊಟ್ಟೆಗೂ ತೊಂದರೆ ಮಾಡದ ಬಣ್ಣ ಸಿಗಲೇ ಇಲ್ಲ. ಕೊನೆಗೆ ಶೇಕಡ 5ರಷ್ಟು ಎಳ್ಳೆಣ್ಣೆ ಬೆರೆಸಬೇಕೆಂಬ ನಿಯಮ ಮಾಡಿದರು. ಎಳ್ಳೆಣ್ಣೆಯಿದ್ದರೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬಂದು ಗುಟ್ಟು ರಟ್ಟಾಗುತ್ತದೆ. ನಮ್ಮ ಮನೆಯಲ್ಲಿ ತೆಂಗಿನಮರದಂಥ ಚಿತ್ರವಿದ್ದ ಆ ಡಬ್ಬಿಯಲ್ಲಿ ಅವ್ವ ಕೊತ್ತಂಬರಿ ಬೆಳೆಸಿದ್ದಳು. ಒಳಗಿದ್ದದ್ದನ್ನು ಯಾರು ಖಾಲಿ ಮಾಡಿದರೆಂದು ಕೇಳಿದರೆ ಮಾತು ತಪ್ಪಿಸುತ್ತಿದ್ದಳು. ಹೋಳಿಗೆ ಮಾಡುವಾಗ ತುಪ್ಪ ಸಾಲದೆ ಅವಳೂ ಒಂದು ಸಲ ಸೋತಿರಬೇಕು.

ಇಷ್ಟೆಲ್ಲ ಹೇಳಿ ಆ ಮಣ್ಣು ಕೊನೆಗೆ ಏನಾಗುತ್ತದೆಂದು ಹೇಳದಿದ್ದರೆ ತಪ್ಪಾಗುತ್ತದೆ. ಬಣ್ಣ ಹೀರಿದ ಮಣ್ಣು ಎಣ್ಣೆಯನ್ನೂ ಕುಡಿದಿರುತ್ತದೆ. ಅದರ ತೂಕದ ಕಾಲುಭಾಗಕ್ಕೂ ಹೆಚ್ಚು ಎಣ್ಣೆಯೇ. ಅಪ್ಪನ ರಿಫೈನರಿಯ ಹಿತ್ತಿಲಲ್ಲಿ ಅದು ಕರ್ರಗೆ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ದಿನಗೂಲಿಯ ಹೆಂಗಸರು ಫಿಲ್ಟರಿನಿಂದ ಕೆರೆದು ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದರು. ಚೆನ್ನಾಗಿ ಉರಿಯುತ್ತದೆಂದು ಸಂಜೆ ಒಂದೊಂದು ಬುಟ್ಟಿ ಮನೆಯ ಒಲೆಗೂ ಒಯ್ಯುತ್ತಿದ್ದರು. ಅಷ್ಟು ತೆಳ್ಳಗೆ ಹರಡಿಕೊಂಡ ಎಣ್ಣೆಗೆ ಗಾಳಿ ತಾಕಿದರೆ ಒಳಗೊಳಗೇ ಕಾವು ಏರುತ್ತದೆ. ಕಡ್ಡಿ ಗೀರುವುದೇ ಬೇಡ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇದು ಎಲ್ಲ ದೇಶದ ಎಣ್ಣೆ ಕಾರ್ಖಾನೆಗಳಿಗೂ ಗೊತ್ತಿರುವ ಸಂಗತಿ. ನೀರು ಹಾಕಿಡಬೇಕು, ಗುಡ್ಡೆ ಎತ್ತರವಾಗಲು ಬಿಡಬಾರದು. ಆ ಹೆಂಗಸರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

1985ರ ಬೇಸಿಗೆಯ ಒಂದು ರಾತ್ರಿ ಗುಡ್ಡೆ ಒಳಗಿನಿಂದ ಹೊತ್ತಿಕೊಂಡಿತು. ಮೇಲೆ ಬೂದಿಯ ಪದರ, ನೋಡಿದರೆ ತಣ್ಣಗೆ. ಬೆಳಿಗ್ಗೆ ಬುಟ್ಟಿ ಹೊತ್ತು ಹತ್ತಿದ ಒಬ್ಬಾಕೆಯ ಎರಡೂ ಕಾಲು ಮೊಣಕಾಲಿನವರೆಗೆ ಒಳಗಿಳಿದವು. ಅವ್ವ ತೆಂಗಿನೆಣ್ಣೆಗೆ ಸುಣ್ಣದ ತಿಳಿ ಕದಡಿ ಒಯ್ದಳು. ಅದು ಅಷ್ಟಕ್ಕೆ ವಾಸಿಯಾಗುವ ಗಾಯವಾಗಿರಲಿಲ್ಲ. ಯಜಮಾನರು ಒಂದಿಷ್ಟು ದಿನ ಆಸ್ಪತ್ರೆಯ ಖರ್ಚು ಕೊಟ್ಟರು, ಆಮೇಲೆ ಕೊಡಲಿಲ್ಲ. ಆಕೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಟ್ರಂಕಿನಲ್ಲಿ ಆ ವರ್ಷದ ಒಂದು ಸ್ಟಾಕು ಪುಸ್ತಕ ಸಿಕ್ಕಿತು. ಯಾಕೆ ಮನೆಗೆ ತಂದಿಟ್ಟುಕೊಂಡಿದ್ದರೋ. ಸುಟ್ಟುಹೋದ ಮಣ್ಣಿನ ತೂಕ ಅದರಲ್ಲಿ ಅಪ್ಪನ ದುಂಡು ಅಕ್ಷರದಲ್ಲಿ ಬರೆದಿತ್ತು. ಆಕೆಯ ಹೆಸರು ಇರಲಿಲ್ಲ.

ಇದಾದ ಮೇಲೆ ನಾನು ರಿಫೈನ್ಡ್ ಎಣ್ಣೆಯ ಮೇಲೆ ಹಗೆ ಸಾಧಿಸಿ, ಗಾಣದ ಎಣ್ಣೆಯೇ ಅಮೃತ ಎಂದು ಬರೆದುಬಿಡಬಹುದಿತ್ತು. ಗಾಣದ ಹಿರಿಮೆಗೆ ಸಾಕ್ಷಿಗಳೇನೂ ಕಡಿಮೆಯಿಲ್ಲ. ದೇವರ ನಂದಾದೀವಿಗೆಗೆ ಗಾಣದಿಂದ ಇಷ್ಟು ಸೊಲ್ಲಗೆ ಎಣ್ಣೆ ಎಂದು ದಾನ ಬರೆಸಿದ ಶಾಸನಗಳು ಕರ್ನಾಟಕದ ತುಂಬ ಇವೆ. ಆದರೆ ಓದುತ್ತಾ ಹೋದಾಗ ಎದುರಾದ ಒಂದು ಸಂಗತಿ ನನ್ನ ಬಾಯಿ ಕಟ್ಟಿಸಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ತೇವ ತಗುಲಿದ ಬೀಜದಲ್ಲಿ ಬೆಳೆಯುವ ಒಂದು ಬೂಷ್ಟಿನ ವಿಷ ಅದರಲ್ಲಿತ್ತು. ಅಫ್ಲಟಾಕ್ಸಿನ್ ಎಂದು ಅದಕ್ಕೆ ಹೆಸರಿಟ್ಟರು. ಲಿವರಿಗೆ ಬಹಳ ಕೆಟ್ಟದ್ದು, ಕ್ಯಾನ್ಸರಿಗೂ ಕಾರಣ. ಕೆಟ್ಟ ಬೀಜ ಅರೆದರೆ ಎಣ್ಣೆಗೂ ಅದು ಸ್ವಲ್ಪ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅವ್ವ ಬೆಳಕಿಗೆ ಹಿಡಿದರೂ ಕಾಣುತ್ತಿರಲಿಲ್ಲ. ಅದನ್ನು ತೆಗೆಯುವುದು ಯಾವುದು? ರಿಫೈನರಿಯ ಕಾಸ್ಟಿಕ್ ಸೋಡಾ ಮತ್ತು ಅದೇ ಮಣ್ಣು. ಮಣ್ಣಿಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಕ್ಯಾರೊಟಿನ್ ಹಿಡಿಯುವ ಮೈಯೇ ವಿಷವನ್ನೂ ಹಿಡಿಯುತ್ತದೆ. ಇನ್ನೊಂದು ಕಡೆ, ಕೊನೆಯಲ್ಲಿ ಎಣ್ಣೆಯನ್ನು ಅಷ್ಟೊಂದು ಕಾಯಿಸುವಾಗ ಮೊದಲಿಲ್ಲದ ಕೆಲವು ಬೇಡದ ವಸ್ತುಗಳು ಹುಟ್ಟುತ್ತವೆಂದು 2016ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಚ್ಚರಿಸಿದೆ. ಪಾಮ್ ಎಣ್ಣೆಯಲ್ಲಿ ಅವು ಹೆಚ್ಚಂತೆ.

ಹಾಗಾದರೆ ಅವ್ವನ ಕಣ್ಣು, ಮೂಗು ಏನೂ ಅಲ್ಲವೆ? ಹಾಗೂ ಅನ್ನಲಾರೆ. ಅವಳ ನಿಜವಾದ ಪರೀಕ್ಷೆ ಎಣ್ಣೆಗಿಂತ ಮೊದಲು ಮೊರದಲ್ಲಿ ನಡೆಯುತ್ತಿತ್ತು ಎಂಬುದು ನನಗೆ ತಡವಾಗಿ ಹೊಳೆಯಿತು. ಹಬ್ಬದ ಎಣ್ಣೆಗೆ ಮನೆಯ ಬೀಜವನ್ನೇ ಗಾಣಕ್ಕೆ ಕಳಿಸುವಾಗ ಅವಳು ಎರಡು ಮಧ್ಯಾಹ್ನ ಕೂತು ಆರಿಸುತ್ತಿದ್ದಳು. ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಹುಳು ಕೊರೆದದ್ದು ಎಲ್ಲ ಆಚೆಗೆ. ಬೂಷ್ಟಿನ ವಿಷ ಹೆಚ್ಚಾಗಿ ಇರುವುದು ಆ ಆಚೆ ಹಾಕಿದ ಬೀಜಗಳಲ್ಲೇ ಎಂದು ಈಗಿನ ವಿಜ್ಞಾನಿಗಳೂ ಹೇಳುತ್ತಾರೆ. ಮಿಲ್ಲು ಬಂದ ಮೇಲೆ ಮೊರದ ಕೆಲಸ ನಿಂತಿತು. ಲಾರಿಗಟ್ಟಲೆ ಬೀಜವನ್ನು ಯಾರು ಆರಿಸುತ್ತಾರೆ? ಆರಿಸದ ಬೀಜಕ್ಕೆ ಮಣ್ಣು ಬೇಕಾಯಿತು.

ಆಮೇಲೆ ಚಳ್ಳಕೆರೆಯ ಕಥೆಯೂ ಬೇರೆಯಾಯಿತು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಂತು. ನಮ್ಮ ಹೊಲಗಳೂ ಅಡಿಗೆಮನೆಗಳೂ ಮೆಲ್ಲಗೆ ಆ ಕಡೆ ತಿರುಗಿದವು. 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆಯ ಮುಂದೆ ಶೇಂಗಾ ಮಿಲ್ಲುಗಳು ನಿಲ್ಲಲಾರದೆ ಒಂದೊಂದೇ ಬಾಗಿಲು ಹಾಕಿದವು. ಮಳೆಯೂ ಕೈಕೊಟ್ಟಿತು. 1998ರಲ್ಲಿ ದಿಲ್ಲಿಯಲ್ಲಿ ದತ್ತೂರಿ ಬೀಜ ಬೆರೆತ ಸಾಸಿವೆ ಎಣ್ಣೆ ತಿಂದು ಜನ ಸತ್ತಾಗ, ಬಿಡಿ ಎಣ್ಣೆ ಎಂದರೇ ಎಲ್ಲರಿಗೂ ಭಯ, ಪ್ಯಾಕೆಟ್ಟೇ ಗತಿ ಎಂಬಂತಾಯಿತು. ಅಪ್ಪನ ರಿಫೈನರಿ ಆ ಹೊತ್ತಿಗಾಗಲೇ ಮುಚ್ಚಿತ್ತು.

ಈಗ ದಾವಣಗೆರೆಯ ನಮ್ಮ ಬಡಾವಣೆಯಲ್ಲೇ ಒಂದು ಮರದ ಗಾಣ ಬಂದಿದೆ. ಎತ್ತಿಲ್ಲ, ಮೋಟಾರು. ಬೆಲೆ ಪ್ಯಾಕೆಟ್ ಎಣ್ಣೆಯ ಎರಡರಷ್ಟು, ಆದರೂ ಸಾಲು ನಿಂತು ಕೊಳ್ಳುತ್ತಾರೆ. ಮೊದಲ ದಿನ ಹೋದಾಗ ಬೀಜದ ಚೀಲ ತೋರಿಸಪ್ಪ ಎಂದೆ. ಹುಡುಗ ನನ್ನ ಮುಖ ನೋಡಿದ. “ಮೇಡಂ, ಎಲ್ಲಾರೂ ಎಣ್ಣೆ ನೋಡ್ತಾರೆ, ಬೀಜ ಯಾರೂ ಕೇಳಲ್ಲ” ಎಂದ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದೆ. ಅದರಲ್ಲಿ ನಾಲ್ಕು ಕಪ್ಪು ಬೀಜ, ಒಂದಕ್ಕೆ ಹಸಿರು ಬೂಷ್ಟು.

ಐದು ಕಿಲೊ ಬೀಜ ಕೊಂಡು ಮನೆಗೆ ತಂದೆ. ಮೊರ ಅಟ್ಟದ ಮೇಲಿತ್ತು, ಇಳಿಸಿ ಒರೆಸಿದೆ. ಕನ್ನಡಕ ಹಾಕಿಕೊಂಡು ಎರಡು ಮಧ್ಯಾಹ್ನ ಆರಿಸಿ, ಆರಿಸಿದ್ದನ್ನೇ ಗಾಣಕ್ಕೆ ಒಯ್ದೆ. ಬಂದ ಎಣ್ಣೆಯನ್ನು ಗಾಜಿನ ಭರಣಿಗೆ ಹಾಕಿ ಕಿಟಕಿಯ ಪಕ್ಕ ಇಟ್ಟೆ. ಮೊದಲ ದಿನ ಕದಡಿದ ಹಾಗಿತ್ತು. ನಾಲ್ಕನೆಯ ದಿನಕ್ಕೆ ಗಸಿಯೆಲ್ಲ ತಳ ಸೇರಿತ್ತು. ಬೆಳಕಿಗೆ ಹಿಡಿದು ನೋಡಿದೆ. ಆಚೆ ಬದಿಯ ತುಳಸಿಗಿಡ ಹಳದಿಯಾಗಿ ಕಂಡಿತು.